ಷ್ನಿಟ್ ಅಂದರೆ ಕೊಯ್ತ

ಜರ್ಮನ್ ಭಾಷೆಯಲ್ಲಿ ‘ಷ್ನಿಟ್’ ಪದದ ಬಳಗ ಬಲು ದೊಡ್ಡದು. ಬಟ್ಟೆ ಹೊಲಿಯುವ ದರ್ಜಿ ‘ಷ್ನೈಡರ್’, ಪೈರು ಕೊಯ್ಯುವವನು ‘ಷ್ನಿಟರ್’, ತಟ್ಟೆಗೆ ಬಂದು ಬೀಳುವ ‘ಷ್ನಿಟ್ಸೆಲ್’ ಇದರ ಮೊಮ್ಮಗು. ಕತ್ತಿಯ ಬಾಯಿಗೇ ‘ಷ್ನೈಡೆ’ ಎಂದು ಹೆಸರು. ನನಗೆ ಮೆಚ್ಚುಗೆಯಾದದ್ದು ‘ಔಫ್‌ಷ್ನೈಡೆನ್’. ಹೋಳು ಮಾಡುವುದಕ್ಕೂ ಅದೇ ಮಾತು, ಬಡಾಯಿಗೂ ಅದೇ ಮಾತು. ನಾವೂ ಬಡಾಯಿಯನ್ನು ಕೊಚ್ಚಿಕೊಳ್ಳುವವರೇ ತಾನೆ! ಜಂಬಕ್ಕೂ ಚಾಕುವಿಗೂ ಅದೇನು ನಂಟೋ.

ಈ ಪದ ಕತ್ತಿವರಸೆಗೂ ಹೋಗಿ ಬಂದಿದೆ. ಹದಿನಾಲ್ಕನೆಯ ಶತಮಾನದ ಗುರು ಯೋಹಾನೆಸ್ ಲೀಷ್ಟೆನೌವರ್ ಎರಡು ಕೈಯಲ್ಲಿ ಹಿಡಿಯುವ ಉದ್ದಕತ್ತಿಯ ವಿದ್ಯೆಯನ್ನು ಒಗಟಿನಂಥ ಪದ್ಯಗಳಲ್ಲಿ ಕಟ್ಟಿಟ್ಟ. ಹೊರಗಿನವರಿಗೆ ತಿಳಿಯಬಾರದೆಂಬ ಹಟ. ಮುಂದಿನ ಶತಮಾನದಲ್ಲಿ ಜೀಗ್ಮುಂಡ್ ರಿಂಗೆಕ್ ಮೊದಲಾದವರ ಟೀಕೆಗಳು ಆ ಒಗಟನ್ನು ಬಿಡಿಸಿದವು. ಅವುಗಳ ಪ್ರಕಾರ ಕತ್ತಿ ಗಾಯ ಮಾಡುವುದು ಮೂರು ಬಗೆಯಲ್ಲಿ: ಹೌ, ಷ್ಟಿಷ್, ಷ್ನಿಟ್. ಮೊದಲನೆಯದು ಬೀಸಿ ಕಡಿಯುವುದು, ಎರಡನೆಯದು ಇರಿಯುವುದು. ಮೂರನೆಯದಕ್ಕೆ ಬಂದಾಗ ಅನುವಾದಕನ ಕೈ ತಡವರಿಸುತ್ತದೆ. ‘ಕಡಿತ’ ಎಂದು ಬರೆದರೆ ಹೌ ಮುನಿಸಿಕೊಳ್ಳುತ್ತದೆ.

ಷ್ನಿಟ್‌ಗೆ ಬೀಸು ಬೇಡ. ಎದುರಾಳಿ ಕತ್ತಿ ಎತ್ತಿಕೊಂಡು ಮೈಮೇಲೆ ನುಗ್ಗಿ ಬಂದಾಗ ಬೀಸಲು ಜಾಗವಾದರೂ ಎಲ್ಲಿ? ಆಗ ಕತ್ತಿಯ ಬಾಯನ್ನು ಅವನ ಮಣಿಕಟ್ಟಿನ ಕೆಳಗೆ ಇಟ್ಟು ಮೇಲಕ್ಕೆ ಒತ್ತಬೇಕು. ಒತ್ತುತ್ತಲೇ ಪಕ್ಕಕ್ಕೆ ಹೆಜ್ಜೆ ಹಾಕಿ, ಕತ್ತಿಯನ್ನು ಹೊರಳಿಸಿ, ಅದೇ ಬಾಯನ್ನು ಅವನ ತೋಳುಗಳ ಮೇಲೆ ತಂದು ಕೆಳಕ್ಕೆ ಅದುಮಬೇಕು. ಈ ಹೊರಳಿಗೆ ‘ಹೆಂಡೆ ಡ್ರುಕೆನ್’, ಅಂದರೆ ಕೈಗಳನ್ನು ಅದುಮುವುದು, ಎಂದು ಹೆಸರು. ಕೊಯ್ತಗಳು ಒಟ್ಟು ನಾಲ್ಕು: ಕೆಳಗಿನಿಂದ ಎರಡು, ಮೇಲಿನಿಂದ ಎರಡು. ಗುರಿ ತಲೆಯಲ್ಲ, ಕೈ. ಉಕ್ಕಿನ ಕವಚ ತೊಟ್ಟವನ ಮುಂದೆ ಇದು ನಡೆಯುವುದಿಲ್ಲ. ಬಟ್ಟೆ ಮಾತ್ರ ತೊಟ್ಟವರ ಕಾಳಗದ ವಿದ್ಯೆ ಇದು.

ಒತ್ತಿದರೆ ಸಾಕೇ? ಸಾಲದು. ಈಳಿಗೆಮಣೆಯ ಮುಂದೆ ಕೂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಣ್ಣಾದ ಟೊಮೇಟೊವನ್ನು ಅಲಗಿಗೆ ಬರೀ ಒತ್ತಿದರೆ ರಸ ಚಿಮ್ಮಿ ಸೀರೆಗೆ ಬೀಳುತ್ತದೆ. ಒತ್ತುತ್ತಾ ಜಾರಿಸಿದರೆ ಸಿಪ್ಪೆ ಸದ್ದಿಲ್ಲದೆ ಬಿಡುತ್ತದೆ. ಷ್ನಿಟ್ ಕೂಡ ಒತ್ತುತ್ತಾ ಜಾರುವ ಕೆಲಸವೇ.

ಇನ್ನು ನಮ್ಮ ‘ಕೊಯ್’ ನೋಡಿ. ಹೂವನ್ನು ಕೊಯ್ಯುತ್ತೇವೆ, ರಾಗಿ ಕೊಯ್ಯುತ್ತೇವೆ, ನಂಬಿದವರು ಕತ್ತು ಕೊಯ್ಯುತ್ತಾರೆ. ಈ ಯಾವುದರಲ್ಲೂ ಕೊಡಲಿಯ ಬೀಸಿಲ್ಲ, ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರದ ಕೆಲಸ. ಹೊಲದ ಷ್ನಿಟ್‌ಗೂ ನಮ್ಮ ಕೊಯ್ಲಿಗೂ ಅರ್ಥ ಒಂದೇ ಆಗಿರುವಾಗ, ಕಾಳಗದ ಷ್ನಿಟ್‌ಗೆ ಬೇರೆ ಪದ ಹುಡುಕುವುದೇಕೆ?

ಈ ವಿದ್ಯೆಗೆ ಇಂದು ಮತ್ತೆ ಜೀವ ಬಂದಿದೆ. ಆದರೆ ಪಂದ್ಯದ ಕತ್ತಿ ಮೊಂಡು, ಅಂಗಿ ದಪ್ಪ. ಹೊಡೆತದ ಸದ್ದು ಕೇಳುತ್ತದೆ, ಇರಿತಕ್ಕೆ ಅಲಗು ಬಾಗುವುದು ಕಾಣುತ್ತದೆ, ಕೊಯ್ತಕ್ಕೆ ಮಾತ್ರ ಸಾಕ್ಷಿಯಿಲ್ಲ. ಹಾಗಾಗಿ ಕೆಲವು ಪಂದ್ಯಗಳಲ್ಲಿ ಅದಕ್ಕೆ ಅಂಕವೇ ಇಲ್ಲ. ಅಂಕವನ್ನಂತೂ ನಾವು ಕೊಡಿಸಲಾರೆವು. ಕನ್ನಡದಲ್ಲಿ ಬರೆಯುವವರು ಹೆಸರನ್ನಾದರೂ ಸರಿಯಾಗಿ ಕೊಡಿ: ಕಡಿತ, ಇರಿತ, ಕೊಯ್ತ.