ಸಾವಿನ ಪಟ್ಟಿಯ ಸುಳ್ಳು ಹಿಡಿದ ಜವಳಿ ವ್ಯಾಪಾರಿ

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಯಾವ ಕಾಯಿಲೆಯಿಂದ ಎಷ್ಟು ಮಂದಿ ಸತ್ತರೆಂಬ ಪಟ್ಟಿ ವಾರಕ್ಕೊಮ್ಮೆ ಅಚ್ಚಾಗುತ್ತಿತ್ತು. ಆದರೆ ಹೆಣ ನೋಡಿ ಕಾರಣ ಹೇಳುತ್ತಿದ್ದವರು ವೈದ್ಯರಲ್ಲ; ಚರ್ಚಿನ ಪ್ಯಾರಿಷ್‌ಗಳು ನೇಮಿಸಿದ ಮುದುಕಿಯರು. ಪ್ಲೇಗ್ ಎಂದು ಬರೆದರೆ ಮನೆಗೆ ಬೀಗ, ಉಳಿದವರೂ ಒಳಗೇ ಬಂದಿ. ಮುದುಕಿಯ ಕೈ ಬೆಚ್ಚಗೆ ಮಾಡಿ ಬೇರೆ ಹೆಸರು ಬರೆಸಲು ಇಷ್ಟು ಸಾಕಲ್ಲವೆ?

ಜವಳಿ ವ್ಯಾಪಾರಿ ಜಾನ್ ಗ್ರಾಂಟ್ ಈ ಪಟ್ಟಿಗಳನ್ನು ಅಂಗಡಿಯ ಖಾತೆಯಂತೆ ತಾಳೆ ನೋಡಿ, 1662ರಲ್ಲಿ ಪುಸ್ತಕ ಪ್ರಕಟಿಸಿದ. 1625ರಲ್ಲಿ ಪ್ಲೇಗಿಗೆ ಸತ್ತವರು 35,417 ಎಂದಿತ್ತು. ಅದೇ ವರ್ಷ ಉಳಿದೆಲ್ಲ ಕಾಯಿಲೆಗಳ ಸಾವು 18 ಸಾವಿರ ದಾಟಿತ್ತು. ಹಿಂದುಮುಂದಿನ ವರ್ಷಗಳಲ್ಲಿ ಅದು ಏಳೆಂಟು ಸಾವಿರ ಮಾತ್ರ. ಎಲ್ಲ ರೋಗಗಳೂ ಮಾತಾಡಿಕೊಂಡಂತೆ ಒಮ್ಮೆಗೇ ಏರುವುದುಂಟೆ? ಹೆಚ್ಚಾದ ಸುಮಾರು 11 ಸಾವಿರವೂ ಪ್ಲೇಗಿನದೇ ಎಂದು ಗ್ರಾಂಟ್ ತೀರ್ಮಾನಿಸಿದ.

ಲೈಂಗಿಕ ರೋಗದ ಲೆಕ್ಕ ಇನ್ನೂ ಸ್ವಾರಸ್ಯಕರ. ಅಷ್ಟು ದೊಡ್ಡ ನಗರದಲ್ಲಿ ಆ ಸಾವುಗಳು ಹೆಚ್ಚುಕಡಿಮೆ ಎರಡೇ ಪ್ಯಾರಿಷ್‌ಗಳಿಂದ ವರದಿಯಾಗುತ್ತಿದ್ದವು: ಸೇಂಟ್ ಜೈಲ್ಸ್ ಮತ್ತು ಸೇಂಟ್ ಮಾರ್ಟಿನ್. ಮಿಕ್ಕ ಕಡೆ ಒಂದು ಲೋಟ ಬಿಯರು, ನಾಲ್ಕು ಕಾಸು ಸಿಕ್ಕರೆ ಅದೇ ರೋಗ 'ಕ್ಷಯ'ವಾಗುತ್ತಿತ್ತು.

ಸಾಮಾನ್ಯ ವರ್ಷಗಳ ಸಾವನ್ನೇ ಅಳತೆಗೋಲಾಗಿಸುವ ಈ ಕ್ರಮಕ್ಕೆ ಇಂದು 'ಹೆಚ್ಚುವರಿ ಸಾವು' ಎಂಬ ಹೆಸರಿದೆ. 2020 ಮತ್ತು 2021ರಲ್ಲಿ ಭಾರತದಲ್ಲಿ ಇಂಥ ಸಾವು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಕೋವಿಡ್ ಸಾವಿನ ಅಧಿಕೃತ ಲೆಕ್ಕ ಐದು ಲಕ್ಷಕ್ಕೂ ಕಡಿಮೆಯಿತ್ತು. ಅಂದಾಜಿನ ವಿಧಾನವೇ ಸರಿಯಿಲ್ಲವೆಂದು ಸರ್ಕಾರ ಆಕ್ಷೇಪಿಸಿತು.