ಕಾಮೆಟ್ ವಿಮಾನ ಯಾಕೆ ಒಡೀತು? ಮೂರು ಅಪಘಾತ, ಒಂದು ನೀರಿನ ತೊಟ್ಟಿ

ಭಾಗ 1

ಈ ರೀಲ್ ನೀವೂ ನೋಡಿರ್ತೀರಿ. "ಮೊದಲ ಜೆಟ್ ಪ್ರಯಾಣಿಕ ವಿಮಾನಕ್ಕೆ ಚೌಕ ಕಿಟಕಿ ಇತ್ತು, ಮೂಲೆಯಲ್ಲಿ ಬಿರುಕು ಬಿಟ್ಟು ವಿಮಾನ ಒಡೀತು, ಅದಕ್ಕೇ ಇವತ್ತು ಕಿಟಕಿಗಳೆಲ್ಲ ದುಂಡಗೆ." ಮೂವತ್ತು ಸೆಕೆಂಡಲ್ಲಿ ಕಥೆ ಮುಗೀತು. ಕೇಳಿದ್ರೆ ಯಾರೋ ಕಿಟಕಿ ನೋಡಿದ ತಕ್ಷಣ ಹಣೆ ಚಚ್ಚಿಕೊಂಡ್ರು ಅನ್ನೋ ಹಾಗಿದೆ.

ನಿಜವಾಗಿ ಆ ಉತ್ತರ ಸಿಗೋಕೆ ಮೂರು ವಿಮಾನ ಬಿದ್ದವು, 99 ಜನ ಸತ್ರು. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ: ನಡುವೆ ಎರಡು ಸಲ "ಸಾಕು, ಕಾರಣ ಇದೇ ಇರಬೇಕು" ಅಂತ ತನಿಖೆ ನಿಂತುಹೋಗಿತ್ತು. ಈ ಸರಣಿ ಆ ತನಿಖೆಯ ಬಗ್ಗೆ. ಒಂದು ಕಾರಣವನ್ನು ಹುಡುಕೋದು ಅಂದ್ರೆ ಏನು, ಯಾವಾಗ "ಗೊತ್ತಾಯ್ತು" ಅನ್ನಬಹುದು, ಯಾವಾಗ ಅನ್ನಬಾರದು ಅಂತ. ಇಂಜಿನಿಯರಿಂಗ್, ಬಿಎಸ್ಸಿ ಓದೋ ಗೆಳೆಯರು ಕೊನೆ ತನಕ ಓದಿ.

ಭಾಗ 2

ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್ ಮೊದಲು ಹಾರಿದ್ದು 1949ರ ಜುಲೈ 27ರಂದು. 1952ರ ಮೇ 2ರಂದು ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಪ್ರಯಾಣಿಕರನ್ನು ಹೊತ್ತು ಹೊರಟಿತು. ಆಗಿನ ಪ್ರೊಪೆಲ್ಲರ್ ವಿಮಾನಗಳಿಗಿಂತ ತುಂಬಾ ಎತ್ತರ, ತುಂಬಾ ವೇಗ. ಸುಮಾರು 35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಉಸಿರಾಡೋಕೆ ಸಾಲದಷ್ಟು ತೆಳು. ಹಾಗಾಗಿ ಒಳಗೆ ಗಾಳಿ ಒತ್ತಿ ತುಂಬಬೇಕು. ಪ್ರತಿ ಸಲ ಮೇಲೆ ಹೋದಾಗ ವಿಮಾನದ ಮೈ ಬಲೂನಿನ ಹಾಗೆ ಸ್ವಲ್ಪ ಉಬ್ಬುತ್ತೆ, ಇಳಿದಾಗ ಕುಗ್ಗುತ್ತೆ. ಆ ಮೈ ಅಂದ್ರೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಅಲ್ಯೂಮಿನಿಯಂ ಮಿಶ್ರಲೋಹದ ತಗಡು.

ಸೇವೆ ಶುರುವಾಗಿ ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತಾದ ದಮ್‌ದಮ್‌ನಿಂದ ದೆಹಲಿಗೆ ಹೊರಟ ಕಾಮೆಟ್ ಕೆಲವೇ ನಿಮಿಷದಲ್ಲಿ ಗುಡುಗು ಮಳೆಯ ನಡುವೆ ಒಡೆದು ಬಿತ್ತು. 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾರತದಲ್ಲೇ ವಿಚಾರಣೆ ನಡೀತು. ಬಿರುಗಾಳಿಯ ಹೊಡೆತಕ್ಕೋ, ಅದನ್ನು ಎದುರಿಸುವಾಗ ಪೈಲಟ್ ಜೋರಾಗಿ ತಿರುಗಿಸಿದ್ದಕ್ಕೋ ರಚನೆ ತಡೆಯಲಾರದೆ ಮುರೀತು ಅಂತ ತೀರ್ಮಾನ ಬಂತು.

ಅದು ಮೂರ್ಖತನದ ತೀರ್ಮಾನ ಅಲ್ಲ. ಬಿರುಗಾಳಿ ಇತ್ತು, ವಿಮಾನ ಮುರಿದಿತ್ತು. ಎರಡನ್ನೂ ಕಣ್ಣಾರೆ ಕಂಡವರಿದ್ರು. ಆದ್ರೆ ಕಣ್ಣೆದುರೇ ಒಂದು ಕಾರಣ ನಿಂತಿದ್ರೆ ಅದರ ಹಿಂದೆ ಇನ್ನೊಂದು ಇದೆಯಾ ಅಂತ ಇಣುಕಿ ನೋಡೋ ಮನಸ್ಸು ನಮಗೆ ಕಡಿಮೆಯೇ. ಕಾಮೆಟ್‌ಗಳು ಹಾರ್ತಾನೇ ಇದ್ವು.

ಭಾಗ 3

1954ರ ಜನವರಿ 10. ಸಿಂಗಪುರದಿಂದ ಲಂಡನ್‌ಗೆ ಹೊರಟಿದ್ದ ಕಾಮೆಟ್ ರೋಮ್ ಬಿಟ್ಟು ಸುಮಾರು 27,000 ಅಡಿ ಏರಿತ್ತು. ಪೈಲಟ್ ರೇಡಿಯೋದಲ್ಲಿ ಮಾತಾಡ್ತಿದ್ದಾಗ ವಾಕ್ಯದ ಮಧ್ಯದಲ್ಲೇ ದನಿ ನಿಂತಿತು. ಇಟಲಿಯ ಎಲ್ಬಾ ದ್ವೀಪದ ಮೀನುಗಾರರು ಸಮುದ್ರಕ್ಕೆ ತುಂಡುಗಳು ಬೀಳೋದನ್ನು ಕಂಡ್ರು. 35 ಸಾವು. ಈ ಸಲ ಬಿರುಗಾಳಿ ಇರಲಿಲ್ಲ.

ವಿಮಾನಗಳನ್ನು ನಿಲ್ಲಿಸಿದ್ರು, ಸಮಿತಿ ಕೂತಿತು. ಅವರ ಕೈಯಲ್ಲಿ ಅವಶೇಷ ಇರಲಿಲ್ಲ, ಅದಿನ್ನೂ ಸಮುದ್ರದ ತಳದಲ್ಲಿತ್ತು. ಹಾಗಾಗಿ ಏನೇನು ಆಗಿರಬಹುದು ಅಂತ ಪಟ್ಟಿ ಮಾಡಿದ್ರು: ಇಂಜಿನ್‌ನಲ್ಲಿ ಬೆಂಕಿ, ರೆಕ್ಕೆಯ ನಡುಕ, ನಿಯಂತ್ರಣ ತಪ್ಪಿದ್ದು, ಲೋಹದ ದಣಿವು, ಹೀಗೆ. ಬೆಂಕಿಯೇ ಹೆಚ್ಚು ಸಾಧ್ಯ ಅನ್ನಿಸ್ತು. ಒಂದೊಂದು ಸಾಧ್ಯತೆಗೂ ಒಂದೊಂದು ಮದ್ದು ಅಂತ ಸುಮಾರು 60 ಬದಲಾವಣೆ ಮಾಡಿ, ಮಾರ್ಚ್ 23ರಂದು ಮತ್ತೆ ಹಾರಿಸಿದ್ರು.

ಹದಿನಾರನೇ ದಿನ, ಏಪ್ರಿಲ್ 8ರಂದು, ರೋಮ್‌ನಿಂದ ಕೈರೋಗೆ ಹೊರಟ ಮತ್ತೊಂದು ಕಾಮೆಟ್ ನೇಪಲ್ಸ್ ಹತ್ತಿರ ಸಮುದ್ರಕ್ಕೆ ಬಿತ್ತು. 21 ಸಾವು.

ಇಲ್ಲಿ ಸ್ವಲ್ಪ ನಿಲ್ಲಿ. 60 ಮದ್ದು ಕೊಟ್ಟೂ ರೋಗ ವಾಸಿಯಾಗಲಿಲ್ಲ, ಯಾಕಂದ್ರೆ ರೋಗ ಯಾವುದು ಅಂತ ಯಾರೂ ಪತ್ತೆ ಹಚ್ಚಿರಲಿಲ್ಲ. ಸಾಧ್ಯತೆಗಳ ಪಟ್ಟಿ ತನಿಖೆಯ ಮೊದಲ ಹೆಜ್ಜೆ ಅಷ್ಟೇ. ಪಟ್ಟಿಯಲ್ಲಿರೋ ಒಂದೊಂದನ್ನೂ ಸುಳ್ಳು ಮಾಡೋಕೆ ಪ್ರಯತ್ನಪಟ್ಟು, ಕೊನೆಗೆ ಯಾವುದು ಉಳಿಯುತ್ತೆ ಅಂತ ನೋಡೋದು ಅಸಲಿ ಕೆಲಸ.

ಭಾಗ 4

ಈಗ ಕೆಲಸ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಕೈಗೆ ಬಂತು. ನಿರ್ದೇಶಕರು ಆರ್ನಲ್ಡ್ ಹಾಲ್. ಅಲ್ಲಿ ನಾಲ್ಕು ದಾರಿಯಲ್ಲಿ ಒಟ್ಟಿಗೇ ಹುಡುಕಾಟ ಸಾಗಿತು.

ಒಂದು, ದೇಹಗಳು. ಇಟಲಿಯ ವೈದ್ಯರು ಮರಣೋತ್ತರ ಪರೀಕ್ಷೆ ಮಾಡಿದಾಗ ಶ್ವಾಸಕೋಶ ಒಡೆದಿದ್ದು, ತಲೆಬುರುಡೆ ಬಿರಿದಿದ್ದು ಕಂಡಿತ್ತು. ನೀರಿಗೆ ಬೀಳೋ ಮುಂಚೆಯೇ ಸತ್ತಿದ್ರು, ಒಳಗಿನ ಒತ್ತಡ ಒಮ್ಮೆಲೇ ಹೋದ ಗುರುತು. ಬಾಂಬಿನ ಚೂರು ಇರಲಿಲ್ಲ.

ಎರಡು, ಮಾದರಿ. ಒಳಗೆ ಕಾಣೋ ಹಾಗೆ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಚಿಕ್ಕ ಕ್ಯಾಬಿನ್ ಮಾಡಿ, ಕುರ್ಚಿ, ಗೊಂಬೆ ಇಟ್ಟು, ಒತ್ತಡ ತುಂಬಿ ಒಡೆದು ಚಿತ್ರೀಕರಿಸಿದ್ರು. ಗೊಂಬೆಗಳು ಕುರ್ಚಿಯಿಂದ ಹಾರಿ ಚಾವಣಿಗೆ ಬಡಿದವು. ಬುರುಡೆಯ ಗಾಯಕ್ಕೂ ಇದಕ್ಕೂ ತಾಳೆಯಾಯ್ತು.

ಮೂರು, ಅವಶೇಷ. ಲಾರ್ಡ್ ಮೌಂಟ್‌ಬ್ಯಾಟನ್ ಆಗ ಬ್ರಿಟನ್ನಿನ ಮೆಡಿಟರೇನಿಯನ್ ನೌಕಾಪಡೆಯ ಮುಖ್ಯಸ್ಥರು. ಹೌದು, ನಮ್ಮ ಕೊನೆಯ ವೈಸ್‌ರಾಯ್ ಆಗಿದ್ದವರೇ. ಅವರ ಹಡಗುಗಳು ನೀರೊಳಗಿನ ಟಿವಿ ಕ್ಯಾಮೆರಾ ಬಳಸಿ ಎಲ್ಬಾ ಬಳಿ ತುಂಡು ತುಂಡಾಗಿ ಹೆಕ್ಕಿದವು. ಮರದ ಚೌಕಟ್ಟಿನ ಮೇಲೆ ಆ ತುಂಡುಗಳನ್ನು ಜೋಡಿಸಿ ವಿಮಾನದ ಆಕಾರಕ್ಕೆ ತಂದ್ರು. ರೆಕ್ಕೆಯ ಮೇಲೆ ಕ್ಯಾಬಿನ್ನಿನ ಬಣ್ಣ ಉಜ್ಜಿದ ಗೆರೆಗಳು ಸಿಕ್ಕವು. ರೆಕ್ಕೆ ಇನ್ನೂ ಜಾಗದಲ್ಲಿರುವಾಗಲೇ ಕ್ಯಾಬಿನ್ ಒಡೆದು ಅದಕ್ಕೆ ತಾಗಿದೆ ಅಂತಾಯ್ತು. ಅಂದ್ರೆ ಮೊದಲು ಹೋಗಿದ್ದು ಕ್ಯಾಬಿನ್.

ನಾಲ್ಕನೆಯದು ತೊಟ್ಟಿ. ಅದು ಮುಂದಿನ ಭಾಗದಲ್ಲಿ.

ಭಾಗ 5

ಬೈಂಡಿಂಗ್ ವೈರನ್ನು ಕೈಯಲ್ಲಿ ಎಳೆದ್ರೆ ಕಿತ್ತು ಬರಲ್ಲ. ಆದ್ರೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸ್ತಾ ಹೋಗಿ, ಸ್ವಲ್ಪ ಹೊತ್ತಿಗೆ ಪಟಕ್ಕಂತ ಮುರಿಯುತ್ತೆ. ಫಟೀಗ್ ಅಂತೀವಲ್ಲ, ಲೋಹದ ದಣಿವು, ಇದೇ. 1954ರಲ್ಲಿ ಇದು ಹೊಸ ವಿಷಯವೇನಲ್ಲ. ರೈಲಿನ ಅಚ್ಚುಗಳು ಯಾಕೆ ಮುರೀತಾವೆ ಅಂತ 19ನೇ ಶತಮಾನದಲ್ಲೇ ಜರ್ಮನಿಯ ಆಗಸ್ಟ್ ವೋಲರ್ ಪರೀಕ್ಷೆ ಮಾಡಿದ್ದ.

ಕಾಮೆಟ್‌ನ ಕ್ಯಾಬಿನ್ ದಣಿದಿತ್ತಾ? ಗೊತ್ತಾಗಬೇಕಂದ್ರೆ ಒಂದು ಇಡೀ ಕಾಮೆಟ್ಟನ್ನೇ ಸಾವಿರಾರು ಸಲ "ಹಾರಿಸಬೇಕು", ಅದೂ ಕೆಲವೇ ವಾರದಲ್ಲಿ. ಒಳಗೆ ಗಾಳಿ ತುಂಬಿ ಪರೀಕ್ಷಿಸಿದ್ರೆ, ಒಡೆದಾಗ ಅದು ಬಾಂಬಿನಂತೆ ಸಿಡಿದು ಪುರಾವೆಯೇ ಚಿಂದಿಯಾಗುತ್ತೆ. ಅದಕ್ಕೆ ನೀರು. ಗಾಳಿ ತುಂಬಿದ ಬಲೂನಿಗೆ ಪಿನ್ ಚುಚ್ಚಿದ್ರೆ ಢಮ್ ಅನ್ನುತ್ತೆ, ನೀರು ತುಂಬಿದ್ದಕ್ಕೆ ಚುಚ್ಚಿದ್ರೆ ಆ ಸದ್ದು ಬರಲ್ಲ. ನೀರನ್ನು ಕುಗ್ಗಿಸೋಕೆ ಆಗಲ್ಲ ಅನ್ನುವಷ್ಟು ಕಷ್ಟ, ಹಾಗಾಗಿ ಅದರಲ್ಲಿ ಶಕ್ತಿ ಹೆಚ್ಚು ಕೂಡಿರಲ್ಲ.

ಹಾರಾಟ ನಡೆಸಿದ್ದ ಒಂದು ಕಾಮೆಟ್ಟನ್ನೇ ತಂದು, ಅದರ ಸುತ್ತ ದೊಡ್ಡ ತೊಟ್ಟಿ ಕಟ್ಟಿದ್ರು. ರೆಕ್ಕೆಗಳು ತೊಟ್ಟಿಯಿಂದ ಹೊರಗೆ ಚಾಚಿದ್ದವು. ಒಳಗೂ ಹೊರಗೂ ನೀರು. ಒಳಗೆ ಒತ್ತಡ ಏರಿಸೋದು, ಇಳಿಸೋದು, ಜ್ಯಾಕ್‌ಗಳಿಂದ ರೆಕ್ಕೆ ಅಲ್ಲಾಡಿಸೋದು. ಗಂಟೆಗಟ್ಟಲೆಯ ಹಾರಾಟ ಕೆಲವು ನಿಮಿಷದಲ್ಲಿ ಮುಗೀತಿತ್ತು. ಹಗಲೂ ರಾತ್ರಿ ಇದೇ ಕೆಲಸ.

ಜೂನ್ ಕೊನೆಯ ಹೊತ್ತಿಗೆ ತೊಟ್ಟಿಯಲ್ಲಿ ಒತ್ತಡ ಇಳಿದುಹೋಯ್ತು. ನೀರು ಖಾಲಿ ಮಾಡಿ ನೋಡಿದ್ರೆ ಕ್ಯಾಬಿನ್ ಮೈಯಲ್ಲಿ ಉದ್ದನೆ ಸೀಳು. ತುರ್ತು ನಿರ್ಗಮನದ ಕಿಟಕಿಯ ಮೂಲೆಯಲ್ಲಿ ಶುರುವಾಗಿತ್ತು. ಮೊದಲು ಆಕಾಶದಲ್ಲಿ ಹಾರಿದ್ದು, ಆಮೇಲೆ ತೊಟ್ಟಿಯಲ್ಲಿ "ಹಾರಿದ್ದು" ಎರಡೂ ಸೇರಿ ಮೂರು ಸಾವಿರಕ್ಕೆ ಸ್ವಲ್ಪ ಮೇಲೆ. ಎಲ್ಬಾ ವಿಮಾನ 1,290 ಹಾರಾಟಕ್ಕೆ ಬಿದ್ದಿತ್ತು, ನೇಪಲ್ಸ್‌ನದು 900ಕ್ಕೆ. ಲೆಕ್ಕ ತಾಳೆಯಾಗ್ತಿಲ್ಲ ಅನ್ನಿಸಬಹುದು. ಆದ್ರೆ ದಣಿವಿನ ಸ್ವಭಾವವೇ ಹಾಗೆ. ಒಂದೇ ಡಿಸೈನ್, ಒಂದೇ ಲೋಹ ಆದ್ರೂ ಆಯಸ್ಸಲ್ಲಿ ಹಲವು ಪಟ್ಟು ವ್ಯತ್ಯಾಸ ಬರುತ್ತೆ.

ಭಾಗ 6

ನಿಮಗೊಂದು ಪ್ರಶ್ನೆ ಬಂದಿರಬೇಕು. ಡಿ ಹ್ಯಾವಿಲೆಂಡ್ ಪರೀಕ್ಷೆ ಮಾಡಿರಲಿಲ್ವಾ?

ಮಾಡಿತ್ತು. ಅದೇ ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸೋ ಭಾಗ. ಅವರ ಕ್ಯಾಬಿನ್ ತುಂಡು ಸುಮಾರು 18,000 ಸಲ ಒತ್ತಡ ತಡೆದುಕೊಂಡಿತ್ತು. ಆದ್ರೆ ಅದೇ ತುಂಡಿಗೆ ಮೊದಲು ಬಲ ಪರೀಕ್ಷೆ ಅಂತ ಮಾಮೂಲಿಯ ಎರಡು ಪಟ್ಟು ಒತ್ತಡ ಕೊಟ್ಟಿದ್ರು. ಆ ಅತಿ ಒತ್ತಡಕ್ಕೆ ಕಿಟಕಿ ಮೂಲೆಯ ಲೋಹ ಸ್ವಲ್ಪ ಹಿಗ್ಗಿ ಹಾಗೇ ನಿಂತಿತು, ಒತ್ತಡ ತೆಗೆದ ಮೇಲೆ ಸುತ್ತಲಿನ ಲೋಹ ಆ ಜಾಗವನ್ನು ಒಳಕ್ಕೆ ಅದುಮಿ ಹಿಡೀತು. ಅದುಮಿ ಹಿಡಿದ ಜಾಗದಲ್ಲಿ ಬಿರುಕು ಸುಲಭಕ್ಕೆ ಬಾಯಿ ಬಿಡಲ್ಲ. ಪರೀಕ್ಷೆಯೇ ಆ ತುಂಡನ್ನು ಗಟ್ಟಿ ಮಾಡಿಬಿಟ್ಟಿತ್ತು! ಜನ ಕೂತು ಹಾರೋ ವಿಮಾನಗಳಿಗೆ ಆ ಭಾಗ್ಯ ಇರಲಿಲ್ಲ.

ಯಾರೂ ಸುಳ್ಳು ಹೇಳಿರಲಿಲ್ಲ, ಅಂಕಿ ಅಂಶ ತಿದ್ದಿರಲಿಲ್ಲ. ಅಳೆದದ್ದು ಸರಿ ಇತ್ತು. ಅಳೆದ ವಸ್ತು ಮಾತ್ರ ಹಾರೋ ವಸ್ತುವಿನ ಹಾಗೆ ಇರಲಿಲ್ಲ.

ಭಾಗ 7

ತೊಟ್ಟಿಯ ಸೀಳು ಸಿಕ್ಕ ಮೇಲೂ ಅವರು ಪೂರ್ತಿ ಒಪ್ಪಲಿಲ್ಲ. ತೊಟ್ಟಿಯಲ್ಲಿ ಒಡೆದದ್ದು ಬೇರೆ ವಿಮಾನ, ಬಿದ್ದದ್ದು ಬೇರೆ ವಿಮಾನ. ಬಿದ್ದದ್ದರಲ್ಲೂ ಅದೇ ಗುರುತು ಬೇಕು. ಆಗಸ್ಟ್‌ನಲ್ಲಿ ಸಮುದ್ರದಿಂದ ಚಾವಣಿಯ ಒಂದು ತುಂಡು ಬಂತು. ಅದರಲ್ಲಿ ರೇಡಿಯೋ ಆಂಟೆನಾಗೆ ಮಾಡಿದ್ದ ಚಿಕ್ಕ ಕಿಂಡಿ, ಅದರ ಮೂಲೆಯಲ್ಲಿ ದಣಿವಿನ ಬಿರುಕು.

ಈಗ ರೀಲ್‌ಗೆ ವಾಪಸ್ ಬನ್ನಿ. ಎಲ್ಬಾ ವಿಮಾನದ ಬಿರುಕು ಶುರುವಾದದ್ದು ಪ್ರಯಾಣಿಕರು ಹೊರಗೆ ನೋಡೋ ಕಿಟಕಿಯಲ್ಲಿ ಅಲ್ಲ, ಚಾವಣಿಯ ಕಿಂಡಿಯಲ್ಲಿ. ಆ ಕಿಟಕಿಗಳೂ ಚೂಪು ಮೂಲೆಯ ಚೌಕ ಅಲ್ಲ, ಮೂಲೆಗಳು ದುಂಡಗೇ ಇದ್ವು. ಆದ್ರೆ ಮೂಲೆಯ ಹತ್ತಿರ, ರಿವೆಟ್ ತೂತುಗಳ ಅಂಚಲ್ಲಿ, ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಹೆಚ್ಚು ಒತ್ತಡ ಬೀಳ್ತಿತ್ತು.

ಲಾರ್ಡ್ ಕೋಹೆನ್ ನೇತೃತ್ವದ ವಿಚಾರಣೆ 1954ರ ಅಕ್ಟೋಬರ್, ನವೆಂಬರ್‌ನಲ್ಲಿ ನಡೀತು. ತೀರ್ಪಿನ ಮಾತು ಎಷ್ಟು ಹುಷಾರಾಗಿದೆ ನೋಡಿ. ಎಲ್ಬಾ: ದಣಿವಿನಿಂದ ಕ್ಯಾಬಿನ್ ಒಡೆಯಿತು. ನೇಪಲ್ಸ್: ಅವಶೇಷ ತುಂಬಾ ಆಳದಲ್ಲಿದೆ, ಕೈಗೆ ಸಿಕ್ಕಿಲ್ಲ, ಎಲ್ಬಾದ ಕಾರಣ ಇದಕ್ಕೂ ಹೊಂದುತ್ತೆ. ಕಲ್ಕತ್ತಾ ಆ ವಿಚಾರಣೆಯ ವಿಷಯವೇ ಅಲ್ಲ. ಹಾಗಾಗಿ ನಾನೂ ಅದನ್ನು ಇದಕ್ಕೆ ಸೇರಿಸಲ್ಲ. ಮೂರು ಅಪಘಾತವನ್ನೂ ಒಂದೇ ಸಾಲಲ್ಲಿ ಮುಗಿಸೋದು ಸುಲಭ, ಆದ್ರೆ ಪುರಾವೆ ಮೂರಕ್ಕೂ ಒಂದೇ ಸಮ ಇಲ್ಲ.

ಭಾಗ 8, ಕೊನೆಯದು

ಈ ತನಿಖೆಯ ಫಲ ಕಾಮೆಟ್‌ನಲ್ಲೇ ನಿಲ್ಲಲಿಲ್ಲ. 1958ರ ಅಕ್ಟೋಬರ್‌ನಲ್ಲಿ ಗಟ್ಟಿ ಮೈಯ ಕಾಮೆಟ್ 4 ಅಟ್ಲಾಂಟಿಕ್ ದಾಟಿ ಸೇವೆ ಶುರು ಮಾಡಿತು. ಇದೇ ಕಾಮೆಟ್ ಅಪಘಾತಗಳ ಚರ್ಚೆಯಲ್ಲಿ ಕೂತಿದ್ದ ಆಸ್ಟ್ರೇಲಿಯಾದ ಡೇವಿಡ್ ವಾರೆನ್‌ಗೆ, ಕಾಕ್‌ಪಿಟ್ಟಿನ ಮಾತು, ಅಂಕಿಗಳು ಉಳಿದಿದ್ರೆ ಎಷ್ಟು ಅನುಕೂಲ ಅನ್ನಿಸಿ ಈಗಿನ ಬ್ಲ್ಯಾಕ್ ಬಾಕ್ಸ್‌ನ ಕಲ್ಪನೆ ಹುಟ್ಟಿತು. ಇಡೀ ವಿಮಾನವನ್ನೇ ನಿಲ್ಲಿಸಿ ಸಾವಿರಾರು "ಹಾರಾಟ" ಮಾಡಿಸೋ ಪರೀಕ್ಷೆ ಮಾಮೂಲಾಯ್ತು. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ವಿಮಾನ ರಚನೆಗಳ ಫಟೀಗ್ ಪರೀಕ್ಷೆ ನಡೆಯುತ್ತೆ.

ಈಗ ನಮ್ಮ ವಿಷಯ. ಲ್ಯಾಬಲ್ಲಿ ರೀಡಿಂಗ್ ತಗೊಳ್ಳೋ ಮುಂಚೆಯೇ ಸೀನಿಯರ್ ರೆಕಾರ್ಡ್ ನೋಡಿ ರಿಸಲ್ಟ್ ಬರೆಯೋದು ನಮಗೆಲ್ಲ ಗೊತ್ತಿರೋದೇ. ಒಂದು ರೀಡಿಂಗ್ ಗ್ರಾಫ್ ಮೇಲೆ ಕೂರದಿದ್ರೆ ಅಳಿಸಿಬಿಡ್ತೀವಿ. ಮಾರ್ಕ್ಸ್‌ಗೆ ಅದರಿಂದ ಏನೂ ಆಗಲ್ಲ, ನಿಜ. ಆದ್ರೆ ನಮ್ಮಲ್ಲೇ ಕೆಲವರು ನಾಳೆ ಸೇತುವೆ, ಲಿಫ್ಟ್, ಬ್ಯಾಟರಿ, ಔಷಧಿ ಪರೀಕ್ಷೆ ಮಾಡೋ ಕೆಲಸಕ್ಕೆ ಹೋಗ್ತೀವಿ. ಅಲ್ಲಿಗೂ ಇದೇ ಕೈ ಹೋಗುತ್ತೆ.

ಹಾಗಾಗಿ ಮುಂದಿನ ಪ್ರಾಜೆಕ್ಟ್ ರಿಪೋರ್ಟಲ್ಲಿ "ಕಾರಣ ಇದು" ಅಂತ ಬರೆಯೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಬೇರೆ ಕಾರಣಗಳನ್ನು ನಿಜವಾಗಲೂ ಪರೀಕ್ಷಿಸಿ ಬಿಟ್ಟಿದ್ದೀನಾ? ನಾನು ಪರೀಕ್ಷಿಸಿದ ತುಂಡು ಅಸಲಿ ವಸ್ತುವಿನ ಹಾಗೇ ಇದೆಯಾ? ನನ್ನ ಮಾತು ಪುರಾವೆಗಿಂತ ಮುಂದೆ ಓಡಿದೆಯಾ?

ಅಳಿಸಿಬಿಟ್ಟ ರೀಡಿಂಗ್ ಆಮೇಲೆ ಸರಿ ಅಂತ ಗೊತ್ತಾದ ಅನುಭವ ನಿಮಗೂ ಇದ್ರೆ ಕಾಮೆಂಟಲ್ಲಿ ಬರೀರಿ. ಆ ಚೌಕ ಕಿಟಕಿ ರೀಲ್ ಕಳಿಸಿದ ಗೆಳೆಯರಿಗೆ ಈ ಸರಣಿಯನ್ನೂ ಕಳಿಸಿ.

#ವಿಜ್ಞಾನದ_ಇತಿಹಾಸ #ಕಾಮೆಟ್ #ಕನ್ನಡದಲ್ಲಿ_ಇಂಜಿನಿಯರಿಂಗ್