ವಸಡಿನ ರೋಗದ ಅಧ್ಯಯನದಲ್ಲಿ ಪ್ರಾಣಿಮಾದರಿಗಳು

ಪೆರಿಯೊಡಾಂಟೈಟಿಸ್ ಎಂಬ ವಸಡಿನ ರೋಗದಲ್ಲಿ ಹಲ್ಲನ್ನು ಹಿಡಿದಿರುವ ನಾರುಗಳು ಸಡಿಲವಾಗಿ ದವಡೆಯ ಮೂಳೆ ಕರಗುತ್ತದೆ. ಡೆನ್ಮಾರ್ಕಿನಲ್ಲಿ 1965ರಲ್ಲಿ ಹಾರಾಲ್ಡ್ ಲೋ ಮತ್ತು ಸಂಗಡಿಗರು ಸ್ವಯಂಸೇವಕರಿಗೆ ಹಲ್ಲುಜ್ಜುವುದನ್ನು ಬಿಡಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು, ಮತ್ತೆ ಉಜ್ಜಿದಾಗ ವಾಸಿಯಾಯಿತು. ಮೂಳೆ ಕರಗುವವರೆಗೆ ಮನುಷ್ಯರನ್ನು ಹಾಗೆ ಬಿಡುವಂತಿರಲಿಲ್ಲ. ಮುಂದಿನ ಪ್ರಶ್ನೆಗಳು ಪ್ರಾಣಿಗಳ ಪಾಲಿಗೆ ಬಂದವು.

ಅಮೆರಿಕದ ಪಾಲ್ ಕೀಸ್ ಮತ್ತು ಹೆರಾಲ್ಡ್ ಜೋರ್ಡನ್ 1964ರಲ್ಲೇ ಹ್ಯಾಮ್‌ಸ್ಟರ್‌ಗಳಲ್ಲಿ ಈ ರೋಗ ಒಂದರಿಂದ ಇನ್ನೊಂದಕ್ಕೆ ಅಂಟಬಲ್ಲದೆಂದು ತೋರಿಸಿದ್ದರು. ಆದರೆ ಮನುಷ್ಯನ ರೋಗಕ್ಕೆ ಹ್ಯಾಮ್‌ಸ್ಟರ್‌ಗಿಂತ ಹತ್ತಿರ ಬಂದದ್ದು ನಾಯಿ. ಸ್ವೀಡನ್ನಿನ ಯಾನ್ ಲಿಂಡೆ ಮತ್ತು ಸಂಗಡಿಗರು ಬೀಗಲ್ ನಾಯಿಗಳನ್ನು ನಾಲ್ಕು ವರ್ಷ ಗಮನಿಸಿ 1975ರಲ್ಲಿ ವರದಿ ಪ್ರಕಟಿಸಿದರು: ದಿನಾ ಹಲ್ಲುಜ್ಜಿಸಿಕೊಂಡ ನಾಯಿಗಳ ವಸಡು ಗಟ್ಟಿಯಾಗಿತ್ತು, ಹಲ್ಲಿನ ಮೇಲೆ ಪಾಚಿ ಕಟ್ಟಲು ಬಿಟ್ಟವುಗಳಲ್ಲಿ ಹೆಚ್ಚಿನವು ಮೂಳೆ ಕಳೆದುಕೊಂಡವು, ಎಲ್ಲವೂ ಅಲ್ಲ. ಒಂದೇ ಪಾಚಿಗೆ ಒಂದೊಂದು ದೇಹ ಒಂದೊಂದು ಬಗೆಯಲ್ಲಿ ಓಗೊಡುತ್ತದೆ ಎಂಬ ಈ ಅರಿವು ಅಂದಿನ ದಂತವಿಜ್ಞಾನಕ್ಕೆ ಬಹಳ ಬೆಲೆಯುಳ್ಳದ್ದು.

ನಾಲ್ಕು ವರ್ಷ ಕಾಯಲಾಗದವರು ಇಲಿಯ ದವಡೆಹಲ್ಲಿಗೆ ದಾರ ಕಟ್ಟಿದರು. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುವುದರಿಂದ ಅಧ್ಯಯನಕ್ಕೆ ಒದಗುವುದು ದವಡೆಹಲ್ಲೇ. ದಾರ ಕಟ್ಟಿದ ಕೆಲವೇ ದಿನಗಳಲ್ಲಿ ಮೂಳೆ ಕರಗತೊಡಗುತ್ತದೆ. ಆದರೆ ದಾರವೇ ಒಂದು ಗಾಯ. ವರ್ಷಗಟ್ಟಲೆ ನಡೆಯುವ ಮನುಷ್ಯನ ರೋಗಕ್ಕೆ ಇದನ್ನು ಸಮ ಎನ್ನಲಾಗದು. 2011ರಲ್ಲಿ ಜಾರ್ಜ್ ಹಾಜಿಶೆಂಗಾಲಿಸ್ ತಂಡ ದಾರವಿಲ್ಲದೆ, ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾವನ್ನು ಚಿಟ್ಟಿಲಿಗಳ ಬಾಯಿಗೆ ಬಿಟ್ಟಿತು. ಅದು ಅಲ್ಪಸಂಖ್ಯೆಯಲ್ಲಿದ್ದರೂ ಮೂಳೆ ಕರಗಿತು. ಬೇರೆ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಸಾಕಿದ ಚಿಟ್ಟಿಲಿಗಳಲ್ಲಿ ಮಾತ್ರ ಕರಗಲಿಲ್ಲ. ಅಂದರೆ ಅದು ತಾನೊಂದೇ ಕೆಡಿಸುವುದಿಲ್ಲ, ಬಾಯಿಯ ಉಳಿದ ಜೀವಿಗಳ ಸಮತೋಲ ತಪ್ಪಿಸಿ ಕೆಡಿಸುತ್ತದೆ.

ರೀಸಸ್ ಕೋತಿಗಳ ಮೇಲೂ ಅಧ್ಯಯನ ನಡೆದಿದೆ. ಉತ್ತರಭಾರತದ ಈ ಕೋತಿಯ ರಫ್ತನ್ನು ಭಾರತ 1978ರಲ್ಲಿ ನಿಲ್ಲಿಸಿತು.

 ವಸಡಿನ ರೋಗದಿಂದ ಬಾಚಿಹಲ್ಲು ಸಡಿಲವಾದ ಕುರಿ ಹುಲ್ಲು ಕೀಳಲಾರದೆ ಬಡವಾಗುತ್ತದೆ. ಸ್ಕಾಟ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಕುರಿಗಳಿಗೆ ತಾನಾಗಿ ಬರುವ ಈ ತೊಂದರೆಯನ್ನೇ ಅಧ್ಯಯನಕ್ಕೆ ಬಳಸಿದ್ದಾರೆ. ಆರೋಗ್ಯವಾಗಿರುವ ಪ್ರಾಣಿಗೆ ರೋಗ ಹಚ್ಚುವುದಕ್ಕಿಂತ ಇದು ಮೇಲು.

ಭಾರತದಲ್ಲಿ ಇಂಥ ಪ್ರಯೋಗಗಳಿಗೆ 1960ರ ಪ್ರಾಣಿಹಿಂಸಾ ತಡೆ ಕಾಯ್ದೆ ಮತ್ತು 1998ರ ನಿಯಮಗಳು ಅನ್ವಯಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಣಿಶಾಲೆಗಾಗಲಿ, ನೆಲಮಂಗಲ ತಾಲ್ಲೂಕಿನ ದೇವರಹೊಸಹಳ್ಳಿಯಲ್ಲಿ ಔಷಧಗಳ ಪೂರ್ವಪರೀಕ್ಷೆ ನಡೆಸುವ ಸಂಸ್ಥೆಗಾಗಲಿ ಕಾನೂನು ಒಂದೇ: ಎಷ್ಟು ಪ್ರಾಣಿ ಬೇಕು, ನೋವನ್ನು ಹೇಗೆ ತಗ್ಗಿಸುತ್ತೀರಿ, ಬೇರೆ ದಾರಿ ಇಲ್ಲವೇ ಎಂಬುದಕ್ಕೆ ನೈತಿಕ ಸಮಿತಿಯ ಮುಂದೆ ಬರಹದಲ್ಲಿ ಉತ್ತರ ಕೊಟ್ಟ ಮೇಲೆಯೇ ಪ್ರಯೋಗ.